ಕಾಮಾಕುರಾದಲ್ಲಿ ಒಂದು ತುತ್ತು ಎಳ್ಳನ್ನ

ಹೇವರ್ಡ್

ಸಿರಿ, ಅನೀಶ,

ಜಪಾನಿನಿಂದ ಬಂದ ದಿನ ನೀವಿಬ್ಬರೂ ನನ್ನ ಚೀಲ ಬಿಚ್ಚಿ ಮಿಠಾಯಿ ಹುಡುಕಿದಿರಿ. ಬುದ್ಧನ ಫೋಟೊ ನೋಡಿದಿರಿ. ಎಷ್ಟು ದೊಡ್ಡವನು ಎಂದು ಅನೀಶ ಇಂಗ್ಲಿಷಿನಲ್ಲಿ ಅಂದ. ಅಲ್ಲಿಗೆ ನನ್ನ ಪ್ರವಾಸದ ಕಥೆ ಮುಗಿದುಹೋಯಿತು. ಹೇಳುವುದು ಇನ್ನೂ ಇತ್ತು, ಆದರೆ ನಾನು ನಾಲ್ಕು ಜನರೆದುರು ಬಾಯಿ ಬಿಡುವವಳಲ್ಲ. ನಿಮ್ಮೆದುರಿಗೂ ನನಗೆ ಸಂಕೋಚವೇ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ನೀವು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ ಮೇಲೆ ಮುಂದಿನ ಮಾತು ಎಲ್ಲಿಂದ ಹಿಡಿಯಬೇಕೋ ತಿಳಿಯುವುದಿಲ್ಲ. ಬರೆಯುವುದೇ ಸಲೀಸು. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ನನ್ನ ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಶನಿವಾರದ ಕನ್ನಡ ಕ್ಲಾಸು ತಪ್ಪಿಸದೆ ಹೋದರೆ ಒಂದು ದಿನ ನೀವೇ ಇದನ್ನು ಓದಿಕೊಳ್ಳುತ್ತೀರಿ.

ಸಿರಿ, ನೀನು ನನ್ನನ್ನು ಒಂದು ಮಾತು ಕೇಳಿದ್ದೆ. ನಿಮ್ಮಮ್ಮ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ಮಾರನೆಯ ದಿನ. ನಾನು ಬಾಣಂತಿಗೆಂದು ಮೆಣಸಿನ ಸಾರು ಕುದಿಸುತ್ತಿದ್ದೆ. ನೀನು ಸೆರಗು ಜಗ್ಗಿ, "ಅಜ್ಜಿ, ವೇರ್ ಡಿಡ್ ದ ಬೇಬಿ ಗೋ?" ಅಂದೆ. ಅಷ್ಟು ಇಂಗ್ಲಿಷು ನನಗೂ ಅರ್ಥವಾಗುತ್ತದೆ. ನಾನು ಒಲೆಯ ಕಡೆ ತಿರುಗಿಕೊಂಡೆ. ನೀನು ಮತ್ತೆ ಕೇಳಲಿಲ್ಲ. ಮಕ್ಕಳು ಒಂದು ಸಲ ಕೇಳಿ ಸುಮ್ಮನಾದರೆ ಮರೆತವು ಅಂತ ದೊಡ್ಡವರು ಅಂದುಕೊಳ್ಳುತ್ತೇವೆ. ನೀನು ಮರೆತಿಲ್ಲ, ನನಗೆ ಗೊತ್ತು. ಆ ಮುಚ್ಚಿದ ರೂಮಿನ ಮುಂದೆ ಹಾಯುವಾಗ ನೀನು ಮೆಲ್ಲಗೆ ನಡೆಯುತ್ತೀಯ.

ನಾನು ಈ ಸಲ ಬಂದದ್ದೇ ಬಾಣಂತನಕ್ಕೆ. ನನ್ನ ಪೆಟ್ಟಿಗೆಯಲ್ಲಿ ಬಾಣಂತಿ ಖಾರದ ಪುಡಿ ಇತ್ತು, ಅಂಟು ಇತ್ತು, ಒಣ ಕೊಬ್ಬರಿ ಇತ್ತು. ಎಲ್ಲಕ್ಕಿಂತ ಕೆಳಗೆ ನನ್ನ ಹಳೆಯ ನೂಲಿನ ಸೀರೆಗಳಿದ್ದವು. ಒಗೆದು ಒಗೆದು ಮೆತ್ತಗಾದವು. ನಮ್ಮ ಕಡೆ ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಮುಟ್ಟಿಸುವುದಿಲ್ಲ. ಅಜ್ಜಿಯ ಹಳೆ ಸೀರೆಯನ್ನು ಹರಿದು ಅದರಲ್ಲೇ ಸುತ್ತಬೇಕು. ನಿಮ್ಮಿಬ್ಬರನ್ನೂ ಹಾಗೇ ಸುತ್ತಿದ್ದು. ಈ ಸಲ ಆ ಗಂಟು ಬಿಚ್ಚಲೇ ಇಲ್ಲ. ಮಗು ಹೆರಿಗೆಗೆ ಮುಂಚೆಯೇ, ಎಂಟನೇ ತಿಂಗಳಲ್ಲಿ, ಹೊಟ್ಟೆಯೊಳಗೇ ಹೋಯಿತು. ಹೆಣ್ಣು ಮಗು. ನಿಮ್ಮಪ್ಪ ಆ ಗಾಬರಿಯಲ್ಲಿ ಮುಂದಿನದೆಲ್ಲವನ್ನೂ ಆಸ್ಪತ್ರೆಯವರಿಗೇ ಬಿಟ್ಟುಕೊಟ್ಟ. ಅವನನ್ನು ಯಾರೂ ದೂರಬಾರದು. ಹೀಗಾಗಿ ನಮ್ಮ ಕೈಗೆ ಬೂದಿಯೂ ಬರಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ನಿಮ್ಮಮ್ಮ ಕೇಳಿದಳು: "ಅಮ್ಮ, ಪಾಪೂಗೆ ಏನಾದ್ರೂ ಮಾಡ್ಬೇಕಲ್ವಾ?"

ನಾನು ಊರಿಗೆ ಫೋನು ಮಾಡಿಸಿ ತಿಳಿದವರನ್ನು ವಿಚಾರಿಸಿದೆ. ಉಸಿರಾಡದ ಕೂಸಿಗೆ ಸೂತಕವಿಲ್ಲ, ತಿಥಿಯಿಲ್ಲ, ಎಡೆಯಿಲ್ಲ, ಹೆಸರೂ ಇಲ್ಲ, ಸುಮ್ಮನೆ ಮರೆತುಬಿಡಬೇಕು ಅಂದರು. ನಾನು ಬಂದು ಹೇಳಿದೆ: "ಏನೂ ಇಲ್ವಂತೆ ಕಣವ್ವ."

ಅವಳು ಹೂಂ ಅಂದಳು. ಅವತ್ತಿನಿಂದ ಮಗುವಿನ ಮಾತೇ ಆಡಲಿಲ್ಲ. ಅಳಲೂ ಇಲ್ಲ. ಆಫೀಸಿನ ಮೀಟಿಂಗುಗಳಿಗೆ ಕೂತಳು, ನಿಮ್ಮನ್ನು ಸ್ಕೂಲಿಗೆ ಬಿಟ್ಟು ಬಂದಳು, ಫ್ರೀವೇಯಲ್ಲಿ ಕಾರು ಓಡಿಸಿದಳು. ತೊಟ್ಟಿಲಿದ್ದ ರೂಮಿನ ಬಾಗಿಲು ಎಳೆದುಕೊಂಡಳು. ಬಾಣಂತಿ ಸಾರು ತಟ್ಟೆಗೆ ಹಾಕಿದರೆ ಊಟ ಮಾಡುತ್ತಿದ್ದಳು, ಹಾಕದಿದ್ದರೆ ಕೇಳುತ್ತಿರಲಿಲ್ಲ. ನನ್ನ ಮಗಳು ನನ್ನ ಕಣ್ಣೆದುರೇ ಕಲ್ಲಾಗುತ್ತಿದ್ದಾಳೆ ಅನ್ನಿಸಿತು. ನನ್ನ ವೀಸಾ ಮುಗಿಯುತ್ತ ಬಂದಿತ್ತು. ಇವಳನ್ನು ಹೀಗೆ ಬಿಟ್ಟು ನಾನು ಹೇಗೆ ವಿಮಾನ ಹತ್ತಲಿ ಎನ್ನುವುದೊಂದೇ ನನ್ನ ಚಿಂತೆ.

ಕಡಲ ಮೇಲೆ

ದಾರಿ ತೋರಿಸಿದ್ದು ಪಕ್ಕದ ಮನೆಯ ಎಮಿಕೊ ಅಜ್ಜಿ. ಅವರ ಮಾವನವರು ಒಂದು ಕಾಲಕ್ಕೆ ಹೇವರ್ಡಿನಲ್ಲಿ ಗಾಜಿನ ಮನೆ ಕಟ್ಟಿ ಸೇವಂತಿಗೆ ಬೆಳೆಯುತ್ತಿದ್ದರಂತೆ. ಈಗ ಅಲ್ಲೆಲ್ಲ ಲಾರಿ ನಿಲ್ಲುವ ಗೋಡೌನುಗಳಿವೆ. ನಮಗೆ ಹಾಗಾದ ವಾರ ಆಕೆ ತಮ್ಮ ಮರದ ಪರ್ಸಿಮನ್ ಹಣ್ಣುಗಳನ್ನು ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ತಂದು ಬಾಗಿಲಲ್ಲಿ ಇಟ್ಟು, ಗಂಟೆ ಒತ್ತದೆ ಹೋಗಿದ್ದರು. ಬೇರೆಯವರೆಲ್ಲ ಬಂದು ಇನ್ನೊಂದಾಗುತ್ತೆ ಬಿಡು ಅಂದಿದ್ದರು. ಆಕೆ ಏನೂ ಅನ್ನಲಿಲ್ಲ. ಚಳಿಗಾಲ ಕಳೆಯುತ್ತಿದ್ದ ಹಾಗೆ ಒಂದು ದಿನ ಬೇಲಿಯ ಆಚೆಯಿಂದ ನಿಮ್ಮಮ್ಮನಿಗೆ ಹೇಳಿದರು: ನನ್ನ ತಾಯಿಯ ಊರು ಕಾಮಾಕುರಾ. ಅಲ್ಲಿ ನನ್ನ ತಂಗಿಯ ಮಗಳು ನಾಲ್ಕು ರೂಮಿನ ಒಂದು ವಸತಿ ಇಟ್ಟುಕೊಂಡಿದ್ದಾಳೆ. ನಿನ್ನ ಅಮ್ಮನನ್ನು ಕರೆದುಕೊಂಡು ಹೋಗಿ ಬಾ.

ನಿಮ್ಮಮ್ಮ ಯಾಕೆ ಒಪ್ಪಿದಳೋ ಗೊತ್ತಿಲ್ಲ. ಬಹುಶಃ ಆ ಮನೆಯಿಂದ ಹೊರಗೆ ಎಲ್ಲಿಗಾದರೂ ಆದೀತು ಅನ್ನಿಸಿರಬೇಕು.

ಸ್ಯಾನ್ ಫ್ರಾನ್ಸಿಸ್ಕೊದಿಂದ ವಿಮಾನ ಎದ್ದಾಗ ಕೆಳಗೆ ನಮ್ಮ ಕೊಲ್ಲಿ ಬೋಗುಣಿಯಲ್ಲಿಟ್ಟ ನೀರಿನ ಹಾಗೆ ಕಂಡಿತು. ಆಮೇಲೆ ಬರೀ ಸಮುದ್ರ. ಸೂರ್ಯನ ಹಿಂದೆಯೇ ಹಾರುವುದರಿಂದ ಹಗಲು ಮುಗಿಯುವುದೇ ಇಲ್ಲ. ಇಳಿಯುವಾಗ ನೋಡಿದರೆ ತಾರೀಖಿನಲ್ಲಿ ಒಂದು ದಿನ ಕಾಣೆಯಾಗಿತ್ತು. ಆ ದಿನ ಎಲ್ಲಿಗೆ ಹೋಯಿತು ಎಂದು ನಾನು ಕೇಳಿದೆ. ಹೋಗುವಾಗ ಕಳೆಯುತ್ತೆ, ಬರುವಾಗ ವಾಪಸ್ ಸಿಗುತ್ತೆ ಎಂದು ನಿಮ್ಮಮ್ಮ ವಿವರಿಸಿದಳು. ಹೇಳಿದವಳು ಕಿಟಕಿಯ ಕಡೆ ತಿರುಗಿಕೊಂಡಳು.

ಮೂರು ಕಡೆ ಗುಡ್ಡ

ಕಾಮಾಕುರಾ ಟೋಕಿಯೊದಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಊರಿನ ಮೂರು ಕಡೆ ಗುಡ್ಡ, ಒಂದು ಕಡೆ ಕಡಲು. ತೆಂಗಿನಕಾಯಿ ಹೋಳಿನ ಒಂದು ಬದಿ ಒಡೆದಿದ್ದರೆ ಹೇಗಿರುತ್ತದೋ ಹಾಗೆ. ಹಿಂದೆ ಒಬ್ಬ ದೊರೆ ಇದನ್ನು ನೋಡಿ, ಇದಕ್ಕಿಂತ ಕೋಟೆ ಬೇಕೆ ಎಂದು ಇಲ್ಲೇ ರಾಜಧಾನಿ ಮಾಡಿಕೊಂಡನಂತೆ. ಒಳಗೆ ಬರಬೇಕಾದರೆ ಗುಡ್ಡದ ಬಂಡೆಯನ್ನು ಕಡಿದು ಮಾಡಿದ ಇಕ್ಕಟ್ಟಾದ ಓಣಿಗಳಲ್ಲೇ ಬರಬೇಕು. ಅಂಥ ಒಂದು ಓಣಿಯಲ್ಲಿ ನಾವು ನಡೆದೆವು. ಎರಡೂ ಕಡೆ ಹಾವಸೆ ಹಿಡಿದ ಬಂಡೆ, ಅದರಿಂದ ತೊಟ್ಟಿಕ್ಕುವ ನೀರು, ಬಂಡೆಯಲ್ಲಿ ಕೊರೆದ ಗವಿಗಳು. ಗವಿಗಳು ಹಳೆಯ ಕಾಲದ ಯೋಧರ ಸಮಾಧಿಗಳಂತೆ. ಕುದುರೆಯ ಮೇಲೆ ಬಂದವರೂ ಅಲ್ಲಿ ಒಬ್ಬೊಬ್ಬರಾಗೇ ಹಾಯಬೇಕಿತ್ತು.

ಹೇವರ್ಡಿನಲ್ಲೂ ಒಂದು ಕಡೆ ಗುಡ್ಡ, ಒಂದು ಕಡೆ ನೀರು. ನಮ್ಮ ಬೀದಿಯ ಕೆಳಗೆ ಭೂಮಿ ಸೀಳಿದೆ, ಅದಕ್ಕೇ ಫುಟ್‌ಪಾತಿನ ಅಂಚು ಸೊಟ್ಟಗಾಗಿದೆ ಎಂದು ಅನೀಶ ನನಗೆ ತೋರಿಸಿದ್ದ. ಕಾಮಾಕುರಾದವರೂ ನಡುಗುವ ನೆಲದ ಮೇಲೇ ಇದ್ದಾರೆ. ಅಲ್ಲಿ ಬೀದಿಯ ಕಂಬಗಳ ಮೇಲೆ, ಈ ಜಾಗ ಕಡಲಿಗಿಂತ ಎಷ್ಟು ಎತ್ತರದಲ್ಲಿದೆ, ಅಲೆ ನುಗ್ಗಿದರೆ ಯಾವ ಗುಡ್ಡಕ್ಕೆ ಓಡಬೇಕು ಎಂದು ಬರೆದಿದೆ. ಆ ಕಂಬಕ್ಕೇ ಸೈಕಲ್ಲು ಒರಗಿಸಿ ಹೆಂಗಸರು ಸೊಪ್ಪು ಕೊಳ್ಳುತ್ತಾರೆ.

ವಸತಿಯ ಒಡತಿ ಮಿಚಿಕೊ. ನಿಮ್ಮಮ್ಮನಿಗಿಂತ ಸ್ವಲ್ಪ ದೊಡ್ಡವಳು. ನನ್ನಷ್ಟೇ ನಾಚಿಕೆಯವಳು, ನಕ್ಕರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ನಾವಿಬ್ಬರೂ ಒಬ್ಬರಿಗೊಬ್ಬರು ಬಗ್ಗಿ ನಮಸ್ಕಾರ ಮಾಡುತ್ತ ಯಾರು ಮೊದಲು ನಿಲ್ಲಿಸಬೇಕೋ ತಿಳಿಯದೆ ಬಾಗಿಲಲ್ಲೇ ಒದ್ದಾಡಿದೆವು. ನನ್ನ ಚಪ್ಪಲಿಯ ಉಂಗುಷ್ಠಕ್ಕೆ ಕಾಲುಚೀಲ ಸಿಕ್ಕಿ ಜಾರುವುದನ್ನು ಆಕೆ ಗಮನಿಸಿದ್ದಳು. ಸಂಜೆಗೆ ಹೆಬ್ಬೆರಳು ಬೇರೆಯಾಗಿರುವ ಒಂದು ಜೊತೆ ಕಾಲುಚೀಲ ತಂದುಕೊಟ್ಟಳು. ಇಷ್ಟು ವರ್ಷ ಇಂಥದೊಂದು ಇರುವುದೇ ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನನ್ನಿಂದ ಒಂದು ಎಡವಟ್ಟಾಯಿತು. ಬೇಗ ಎದ್ದು ಹೊರಗೆ ಬಂದೆ. ಮಿಚಿಕೊ ಬಾಗಿಲ ಮುಂದೆ ಗುಡಿಸಿ ನೀರು ಚಿಮುಕಿಸಿ ಒಳಗೆ ಹೋಗಿದ್ದಳು. ಒದ್ದೆ ಕಲ್ಲು ನೋಡಿ ನನಗೆ ನಮ್ಮೂರ ಬಾಗಿಲೇ ಕಂಡ ಹಾಗಾಯಿತು. ಹೊಸ್ತಿಲ ಪಕ್ಕದಲ್ಲಿ ಒಂದು ಪುಟ್ಟ ತಟ್ಟೆಯಲ್ಲಿ ಬೆಳ್ಳಗೆ ಪುಡಿಯ ಗುಪ್ಪೆ ಇತ್ತು. ಪಾಪ, ರಂಗೋಲಿ ಹಿಟ್ಟೂ ಇಟ್ಟಿದ್ದಾಳೆ ಅಂದುಕೊಂಡೆ. ಮಗು ಹೋದಾಗಿನಿಂದ ಹೇವರ್ಡಿನಲ್ಲಿ ನಾನು ರಂಗೋಲಿ ಬಿಟ್ಟಿರಲಿಲ್ಲ. ಅಲ್ಲಿ ಕೈ ತಾನಾಗೇ ಹೋಯಿತು. ಚುಕ್ಕಿ ಇಟ್ಟು ಒಂದು ಎಳೆ ಬಿಟ್ಟೆ. ಪುಡಿ ಬೆರಳಲ್ಲಿ ಚುರುಗುಟ್ಟಿತು. ಎಳೆ ಒದ್ದೆಗೆ ಕರಗುತ್ತ ಬಂತು. ಮಿಚಿಕೊ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಅದು ಉಪ್ಪು. ಕೆಟ್ಟದ್ದು ಒಳಗೆ ಬರದಿರಲಿ ಎಂದು ಇಡುವ ಉಪ್ಪು. ಸಾವಿನ ಮನೆಗೆ ಹೋಗಿ ಬಂದವರೂ ಅದನ್ನು ಮೈಮೇಲೆ ಚಿಮುಕಿಸಿಕೊಂಡು ಒಳಗೆ ಬರುತ್ತಾರಂತೆ. ನನಗೆ ನೆಲ ಬಿರಿದರೆ ಸಾಕೆನ್ನಿಸಿತು. ನಿಮ್ಮಮ್ಮ ಅದನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸಿ ಕ್ಷಮೆ ಕೇಳಿದಳು. ಮಿಚಿಕೊ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಒಳಗಿಂದ ಇನ್ನೊಂದಿಷ್ಟು ಉಪ್ಪು ತಂದು ನನ್ನ ಕೈಗೆ ಕೊಟ್ಟಳು. ಮುಗಿಸಿ ಎನ್ನುವ ಹಾಗೆ ನೆಲ ತೋರಿಸಿದಳು.

ಎತ್ತರಿಸಿದ ದಾರಿ

ಕಡಲಿನಿಂದ ಊರಿನ ದೊಡ್ಡ ದೇವಸ್ಥಾನದವರೆಗೆ ಒಂದೇ ನೇರಕ್ಕೆ ಬೀದಿ ಇದೆ. ಆ ಬೀದಿಯ ನಡುವೆ ಒಂದು ಭಾಗದಲ್ಲಿ ಮಣ್ಣು ಕಲ್ಲು ತುಂಬಿ ಎತ್ತರಿಸಿದ ನಡೆದಾರಿ ಇದೆ. ಎರಡೂ ಕಡೆ ಚೆರಿ ಮರಗಳು. ನಾವು ಹೋದಾಗ ಬರೀ ಕಡ್ಡಿಗಳಿದ್ದವು. ಒಂದು ತಮಾಷೆ ಎಂದರೆ ದಾರಿ ಗುಡಿಯ ಕಡೆಗೆ ಹೋಗುತ್ತ ಹೋಗುತ್ತ ಕಿರಿದಾಗುತ್ತದೆ. ನಿಂತು ನೋಡಿದರೆ ಗುಡಿ ಬಹಳ ದೂರ ಇದ್ದ ಹಾಗೆ ಕಾಣುತ್ತದೆ.

ದಾರಿಯ ಬುಡದಲ್ಲಿ ಬೋರ್ಡು ಇತ್ತು. ನಿಮ್ಮಮ್ಮ ಎಲ್ಲ ಬೋರ್ಡುಗಳನ್ನೂ ಓದಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಟೀಚರಿಗೆ ಪಾಠ ಒಪ್ಪಿಸಿದ ಹಾಗೆ, ದನಿ ಏರದೆ ಇಳಿಯದೆ. ಇದನ್ನೂ ಓದಿದಳು. ಊರು ಕಟ್ಟಿದ ಆ ದೊರೆಯ ಹೆಂಡತಿ ಬಸುರಿಯಾಗಿದ್ದಳಂತೆ. ಹೆರಿಗೆ ಸುಸೂತ್ರವಾಗಲಿ ಎಂದು ದೊರೆ ಈ ದಾರಿ ಕಟ್ಟಿಸಿದನಂತೆ. ದೊಡ್ಡ ದೊಡ್ಡ ಸರದಾರರು ಕಲ್ಲು ಮಣ್ಣು ಹೊತ್ತರಂತೆ.

ಆಮೇಲೆ ಏನಾಯಿತು ಎಂದು ನಾನು ಕೇಳಲಿಲ್ಲ. ಅವಳಾಗಿಯೇ ಹೇಳಿದಳು, ಮಗು ಚೆನ್ನಾಗಿ ಹುಟ್ಟಿತಂತೆ ಎಂದು. ಹೇಳಿ ದಾರಿ ಹತ್ತದೆ, ಪಕ್ಕದ ರಸ್ತೆಯ ಅಂಗಡಿಸಾಲಿನ ಕಡೆಯಿಂದ ನಡೆಯತೊಡಗಿದಳು. ನಾನು ಮೇಲೆ, ಅವಳು ಕೆಳಗೆ. ಗುಡಿಯವರೆಗೂ ಹಾಗೇ ಹೋದೆವು. ನಡುನಡುವೆ ತಲೆ ಎತ್ತಿ ನಾನಿದ್ದೇನೋ ಇಲ್ಲವೋ ಎಂದು ನೋಡುತ್ತಿದ್ದಳು.

ಗುಡಿಯ ಮುಂದೆ ಎರಡು ಕೊಳ, ತುಂಬ ಬಾತುಕೋಳಿಗಳು. ಎತ್ತರದ ಮೆಟ್ಟಿಲು. ನನ್ನ ಮಂಡಿ ಒಪ್ಪಲಿಲ್ಲ. ಕೆಳಗೇ ಕೂತು ಕೈ ಮುಗಿದೆ.

ಬಯಲಲ್ಲಿ ಕೂತವನು

ನೀವು ಫೋಟೊದಲ್ಲಿ ನೋಡಿದ ಬುದ್ಧ ಇವನೇ. ಕಂಚಿನವನು, ಮಳೆ ಗಾಳಿಗೆ ಹಸುರು ತಿರುಗಿದ್ದಾನೆ. ಮೊದಲು ಇವನಿಗೂ ದೊಡ್ಡ ಗುಡಿ ಇತ್ತಂತೆ. ಬಿರುಗಾಳಿ ಕೆಡವಿತು, ಕಟ್ಟಿದರು, ಮತ್ತೆ ಬಿತ್ತು. ಕಡೆಗೆ ಕಡಲು ಇಷ್ಟು ದೂರ ನುಗ್ಗಿ ಬಂದು ಕೊಚ್ಚಿಕೊಂಡು ಹೋಯಿತು ಎನ್ನುತ್ತಾರೆ. ಅವನು ಮಾತ್ರ ಕೂತ ಜಾಗ ಬಿಡಲಿಲ್ಲ. ಅದಾದ ಮೇಲೆ ಯಾರೂ ಸೂರು ಕಟ್ಟುವ ಗೋಜಿಗೆ ಹೋಗಿಲ್ಲ.

ಮದುವೆಯಾದ ಹೊಸದರಲ್ಲಿ ನಿಮ್ಮ ತಾತ ನನ್ನನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗಿದ್ದರು. ನಮ್ಮ ಗೊಮ್ಮಟ ನಿಂತಿದ್ದಾನೆ, ಇವನು ಕೂತಿದ್ದಾನೆ. ಇಬ್ಬರಿಗೂ ನೆರಳಿಲ್ಲ. ಗೊಮ್ಮಟನ ಮುಂದೆ ನಾನು ತಲೆ ಎತ್ತಿ ನಿಂತಿದ್ದೆ. ಇವನು ಸ್ವಲ್ಪ ಮುಂದಕ್ಕೆ ಬಾಗಿದ್ದಾನೆ, ನಾವು ಹೇಳುವುದು ಕಿವಿಗೆ ಬೀಳಲಿ ಎನ್ನುವ ಹಾಗೆ. ಪಕ್ಕದ ಗೋಡೆಗೆ ಹುಲ್ಲಿನಲ್ಲಿ ಹೆಣೆದ, ಆಳೆತ್ತರದ ಒಂದು ಜೊತೆ ಚಪ್ಪಲಿ ನೇತು ಹಾಕಿದ್ದಾರೆ. ಯಾವುದೋ ದೂರದ ಊರಿನ ಮಕ್ಕಳು ಮಾಡಿ ಕಳಿಸಿದ್ದಂತೆ, ಬುದ್ಧ ಎದ್ದು ದೇಶವೆಲ್ಲ ನಡೆಯಲಿ, ಎಲ್ಲರಿಗೂ ಒಳ್ಳೆಯದಾಗಲಿ ಎಂದು. ನೀವಿದ್ದಿದ್ದರೆ ಅದರೊಳಗೆ ಕಾಲಿಟ್ಟು ನೋಡುತ್ತಿದ್ದಿರಿ.

ಅವನ ಹೊಟ್ಟೆಯೊಳಗೆ ಹೋಗಲು ಪುಟ್ಟ ಬಾಗಿಲಿದೆ. ಹೋಗೋಣ ಎಂದು ನಿಮ್ಮಮ್ಮನನ್ನು ಕರೆದೆ. ಅವಳು ಬಾಗಿಲವರೆಗೆ ಬಂದಳು. ಒಳಗಿನ ಕತ್ತಲೆ ನೋಡಿ, ನೀನು ಹೋಗಿ ಬಾ ಅಂದಳು. ನಾನೂ ಹೋಗಲಿಲ್ಲ.

ಹಾಸೆಯ ಗುಡಿ

ಅಲ್ಲಿಂದ ಹಾಸೆ ಎನ್ನುವ ಗುಡ್ಡದ ಗುಡಿ ಹತ್ತಿರ. ಒಳಗೆ ಮರದಲ್ಲಿ ಕಡೆದು ಚಿನ್ನದ ಹೊದಿಕೆ ಹಾಕಿದ ದೇವಿ ಇದ್ದಾಳೆ. ಅವಳಿಗೆ ಹನ್ನೊಂದು ಮುಖ. ಕಡಲಿಗೆ ಬಿಟ್ಟವಳು ಅಲೆಯ ಮೇಲೆ ತೇಲಿಕೊಂಡು ಇಲ್ಲಿಗೆ ಬಂದಳೆಂದು ಕಥೆ. ಗುಡಿಯ ಕಟ್ಟೆಯಿಂದ ನೋಡಿದರೆ ಊರೂ ಕಡಲೂ ಒಂದು ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ ಕಾಣುತ್ತವೆ.

ಮೆಟ್ಟಿಲಿನ ಅರ್ಧದಲ್ಲಿ ಇನ್ನೊಂದು ಚಿಕ್ಕ ಗುಡಿ. ಅದರ ಸುತ್ತ ಮೊಣಕೈ ಉದ್ದದ ಕಲ್ಲಿನ ಮೂರ್ತಿಗಳು. ಎಣಿಸಲಾರದಷ್ಟು. ಬೋಳು ತಲೆ, ಮುಚ್ಚಿದ ಕಣ್ಣು, ಎದೆಗೆ ಜೋಡಿಸಿದ ಕೈ. ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಂತ ಒಂದನೇ ಕ್ಲಾಸಿನ ಮಕ್ಕಳ ಹಾಗಿದ್ದವು. ಕೆಲವಕ್ಕೆ ಯಾರೋ ಕೆಂಪು ಬಟ್ಟೆ ಕಟ್ಟಿದ್ದರು. ಒಂದರ ಮುಂದೆ ಕಾಗದದ ಗಿರಗಟ್ಟೆ ತಿರುಗುತ್ತಿತ್ತು. ಬಹಳ ದಿನಗಳ ಮೇಲೆ ನನ್ನ ಮುಖದಲ್ಲಿ ನಗು ಬಂತು. ಎಷ್ಟು ಮುದ್ದಾಗಿವೆ ನೋಡು ಎಂದು ತಿರುಗಿದೆ.

ನಿಮ್ಮಮ್ಮ ಬೋರ್ಡಿನ ಮುಂದೆ ನಿಂತಿದ್ದಳು. ಈ ಬೋರ್ಡನ್ನು ನನಗೆ ಓದಿ ಹೇಳಲಿಲ್ಲ. ಸರಸರನೆ ಮೆಟ್ಟಿಲಿಳಿದು ಹೋಗಿಬಿಟ್ಟಳು. ನಾನು ಕಂಬಿ ಹಿಡಿದುಕೊಂಡು ಇಳಿಯುವಷ್ಟರಲ್ಲಿ ಬಾಗಿಲ ಹತ್ತಿರದ ಪ್ಲಮ್ ಮರದ ಕೆಳಗೆ ನಿಂತಿದ್ದಳು. ಮರ ಎಲೆಯಿಲ್ಲದೆ ಬರೀ ಹೂವಾಗಿತ್ತು. ತಲೆನೋವು ಅಂದಳು.

ಸಂಜೆ ಅವಳು ಮಲಗಿದ ಮೇಲೆ ನಾನು ಮಿಚಿಕೊ ಹತ್ತಿರ ಹೋಗಿ, ಕೈಯಲ್ಲಿ ಮೊಣಕೈ ಉದ್ದ ತೋರಿಸಿ, ತಲೆ ಸವರಿಕೊಂಡು, ಏನವು ಎನ್ನುವ ಹಾಗೆ ಸನ್ನೆ ಮಾಡಿದೆ. ಆಕೆ ತನ್ನ ಫೋನಿಗೆ ಜಪಾನಿ ಮಾತಿನಲ್ಲಿ ಏನೋ ಹೇಳಿದಳು. ಫೋನಿನೊಳಗಿಂದ ಒಬ್ಬ ಹೆಂಗಸು ಪುಸ್ತಕದ ಕನ್ನಡದಲ್ಲಿ ನನಗೆ ಹೇಳಿದಳು: "ಹುಟ್ಟುವ ಮೊದಲೇ ಹೊರಟುಹೋದ ಮಕ್ಕಳು ನದಿ ದಾಟಲು ತಿಳಿಯದೆ ದಡದಲ್ಲಿ ಕಲ್ಲು ಜೋಡಿಸುತ್ತ ಕುಳಿತಿರುತ್ತವೆ. ಈ ದೇವರು ಅವುಗಳನ್ನು ತನ್ನ ತೋಳಿನ ಬಟ್ಟೆಯಲ್ಲಿ ಬಚ್ಚಿಟ್ಟುಕೊಂಡು ದಾಟಿಸುತ್ತಾನೆ. ತಾಯಂದಿರು ಬಂದು ಮೂರ್ತಿ ಇಡುತ್ತಾರೆ."

ಅಪರಿಚಿತ ದೇಶದ ಅಡುಗೆಮನೆಯಲ್ಲಿ ಒಂದು ಯಂತ್ರ ನನ್ನ ಭಾಷೆಯಲ್ಲಿ ಇದನ್ನು ಹೇಳಿತು. ನಾನು ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ. ಮಿಚಿಕೊ ಫೋನು ಕೆಳಗಿಟ್ಟು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು. ಈ ಜನ ತಮ್ಮ ಹೋದ ಮಕ್ಕಳಿಗೆ ಒಂದು ಜಾಗ ಮಾಡಿಕೊಟ್ಟಿದ್ದಾರೆ. ಏನೂ ಇಲ್ವಂತೆ ಕಣವ್ವ ಎಂದು ನಾನು ಹೇಳಿ ಬಂದದ್ದು ನೆನಪಾಯಿತು.

ದಂಡೆ

ಮರುದಿನ ನಿಮ್ಮಮ್ಮನಿಗೆ ಯಾವ ಗುಡಿಯೂ ಬೇಡವಾಗಿತ್ತು. ಪುಟ್ಟ ಹಸುರು ರೈಲಿನಲ್ಲಿ ಹೋಗಿ ಬಂದೆವು. ಆ ರೈಲು ಮನೆಗಳ ಹಿತ್ತಿಲನ್ನು ಸವರಿಕೊಂಡೇ ಹೋಗುತ್ತದೆ. ಒಣ ಹಾಕಿದ ಬಟ್ಟೆ ಕೈಗೆ ಸಿಗುವಷ್ಟು ಹತ್ತಿರ. ಒಂದು ತಿರುವಿನಲ್ಲಿ ಕಡಲು ಕಂಡಿತು, ಅದರಾಚೆ ಬೆಳ್ಳಗೆ ಒಂದು ಮೋಡ. ಎಲ್ಲರೂ ಕಿಟಕಿಗೆ ಬಂದು ನೋಡಿದ ಮೇಲೆ ಅದು ಮೋಡವಲ್ಲ, ಫ್ಯೂಜಿ ಬೆಟ್ಟ ಎಂದು ಗೊತ್ತಾಯಿತು. ಅನೀಶ ಕೇಳಿದ್ದ ಬೆಟ್ಟ ಅದೇ. ಫೋಟೊ ತೆಗೆಯುವ ಮೊದಲೇ ಮರೆಯಾಯಿತು.

ಮಧ್ಯಾಹ್ನ ಊರ ದಂಡೆಗೆ ಬಂದೆವು. ನಿಮ್ಮಮ್ಮ ಸ್ಟೇಷನ್ನಿನ ಅಂಗಡಿಯಲ್ಲಿ ತಿನ್ನಲು ಏನೋ ಕೊಂಡಿದ್ದಳು. ಮರಳಿಗೆ ಇಳಿಯುವ ಮೆಟ್ಟಿಲ ಬಳಿ ರೆಕ್ಕೆ ಬಿಚ್ಚಿದ ಹಕ್ಕಿಯ ಚಿತ್ರದ ಬೋರ್ಡು ಇತ್ತು. ಗರುಡನ ಗುಡಿ ಹತ್ತಿರದಲ್ಲಿರಬೇಕು ಅಂದುಕೊಂಡು ನಾನು ಅದಕ್ಕೂ ಕೈ ಮುಗಿದೆ. ಅವಳು ಮುಂದೆ ಹೋಗಿಬಿಟ್ಟಿದ್ದಳು.

ಒಂದು ತಗ್ಗು ಗೋಡೆಯ ಬದಿಗೆ ಕೂತು ಪೊಟ್ಟಣ ಬಿಚ್ಚಿದಳು. ಅನ್ನದ ಉಂಡೆಗಳು. ಕೈಯಲ್ಲಿ ಒತ್ತಿ ಮಾಡಿದವು, ಮೇಲೆಲ್ಲ ಕರಿ ಎಳ್ಳು. ಮೀನಿಲ್ಲ, ಒಳಗೆ ಬರೀ ಹುಳಿ ಉಪ್ಪಿನಕಾಯಿ ಎಂದು ಒಂದನ್ನು ನನಗೆ ಚಾಚಿದಳು.

ನನ್ನ ಕೈ ಮುಂದೆ ಬರಲಿಲ್ಲ. ಮಕ್ಕಳೇ, ನಮ್ಮಲ್ಲಿ ಎಳ್ಳು ಬೆರೆಸಿ ಉಂಡೆ ಕಟ್ಟಿದ ಅನ್ನ ಬದುಕಿರುವವರು ತಿನ್ನುವುದಲ್ಲ. ನಿಮ್ಮ ತಾತ ಹೋದಾಗ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಹೊಳೆಯ ಕಲ್ಲಿನ ಮೇಲೆ ಅಂಥ ಉಂಡೆ ಇಟ್ಟು ಕಾಗೆಗೆ ಕಾದೆವು. ಕಾಗೆ ಬಂದು ಮುಟ್ಟಿದರೆ ಹೋದವರಿಗೆ ಸೇರಿತೆಂದು ಲೆಕ್ಕ. ಎಷ್ಟು ಹೊತ್ತಾದರೂ ಬರಲಿಲ್ಲ. ನಿಮ್ಮಮ್ಮ ಹೇವರ್ಡಿನಿಂದ ಫೋನಿನ ವಿಡಿಯೊದಲ್ಲಿ ನೋಡುತ್ತಿದ್ದಳು. ಅಪ್ಪ, ತಗೋಳಪ್ಪ ಎಂದು ಅವಳು ಫೋನಿನಲ್ಲೇ ಬೇಡಿಕೊಂಡದ್ದು ನನ್ನ ಕಿವಿಯಲ್ಲಿದೆ. ಆಮೇಲೆ ಬಂತು.

ಹಸಿವಿಲ್ಲ, ಆಮೇಲೆ ತಿನ್ನುತ್ತೇನೆ ಎಂದು ನನ್ನ ಪಾಲಿನದನ್ನು ಚೀಲದಲ್ಲಿಟ್ಟೆ. ಅವಳು ತನ್ನದನ್ನು ಕೈಯಲ್ಲಿ ಹಿಡಿದು ನೋಡಿದಳು. ನಾನು ಯಾಕೆ ಇಸಿದುಕೊಳ್ಳಲಿಲ್ಲ ಎನ್ನುವುದು ಆಗ ಅವಳಿಗೆ ಹೊಳೆಯಿತು. ಅವಳೂ ಬಾಯಿಗಿಡಲಿಲ್ಲ. ಅಂಗೈ ಮೇಲೆ ಉಂಡೆ ಇಟ್ಟುಕೊಂಡು ಕಡಲು ನೋಡುತ್ತ ಕೂತಳು.

ಬೆನ್ನ ಹಿಂದಿನಿಂದ ನೆರಳೊಂದು ಬಂತು. ತಲೆಯ ಮೇಲೆ ಗಾಳಿ ಬೀಸಿದ ಹಾಗಾಯಿತು. ನನ್ನ ಸೆರಗು ಹಾರಿತು. ನೋಡುವಷ್ಟರಲ್ಲಿ ದೊಡ್ಡದೊಂದು ಹದ್ದು ಅವಳ ಅಂಗೈಯಿಂದ ಉಂಡೆಯನ್ನು ಎತ್ತಿಕೊಂಡು ಹೋಗಿತ್ತು. ಉಗುರು ಕೂಡ ತಗಲಿರಲಿಲ್ಲ. ಕಡಲ ಮೇಲೆ ಎರಡು ಸುತ್ತು ಹಾಕಿ, ಗುಡ್ಡದ ಕಡೆಗೆ, ಆ ಕಲ್ಲಿನ ಮಕ್ಕಳಿದ್ದ ಗುಡಿಯ ದಿಕ್ಕಿಗೇ ಹೊರಟುಹೋಯಿತು.

ಅವಳು ಬರಿಗೈಯನ್ನು ಹಾಗೇ ಚಾಚಿಕೊಂಡಿದ್ದಳು. ಅಂಗೈಯಲ್ಲಿ ನಾಲ್ಕು ಎಳ್ಳು ಅಂಟಿದ್ದವು.

"ಅವ್ವಾ," ಅಂದಳು. ಓದಲು ಬೆಂಗಳೂರಿಗೆ ಹೋದಾಗಿನಿಂದ ಅವಳು ನನ್ನನ್ನು ಅಮ್ಮ ಅನ್ನುತ್ತಿದ್ದಳು. "ಅವ್ವಾ, ಅವಳು ತಗೊಂಡ್ಲು."

ಅದು ಕಾಗೆಯಲ್ಲ. ಕರೆದವರಿಲ್ಲ, ಮಂತ್ರವಿಲ್ಲ, ಹೊಳೆಯಿಲ್ಲ. ಅದೆಲ್ಲ ನನಗೆ ಗೊತ್ತಿತ್ತು. "ಹೂಂ ಕಣವ್ವ," ಅಂದೆ. "ತಗೊಂಡ್ಲು."

ಆಗ ಅತ್ತಳು. ನನ್ನ ಮಡಿಲಿಗೆ ತಲೆ ಹಾಕಿ, ಚಿಕ್ಕವಳಿದ್ದಾಗ ಅಳುತ್ತಿದ್ದ ಹಾಗೆ, ಉಸಿರು ಕಟ್ಟಿ ಬಿಕ್ಕಿ ಬಿಕ್ಕಿ ಅತ್ತಳು. ದಂಡೆಯಲ್ಲಿ ನಾಯಿ ಆಡಿಸುತ್ತಿದ್ದವರು ಮುಖ ಬೇರೆ ಕಡೆ ತಿರುಗಿಸಿಕೊಂಡು ದೂರ ಹೋದರು. ಈ ಜನರ ಮರ್ಯಾದೆ ಅದು. ಮಗು ಒದೆಯುವುದನ್ನು ನಿಲ್ಲಿಸಿದ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಮಗುವಿನ ತಲೆ ತುಂಬ ಕೂದಲಿತ್ತಂತೆ. ಅದು ನನಗೂ ಗೊತ್ತಿರಲಿಲ್ಲ. ಹೇಳಿ ಮುಗಿಸಿ ತಲೆ ಎತ್ತಿ, ತಾನು ಮನಸ್ಸಿನಲ್ಲಿ ಇಟ್ಟಿದ್ದ ಹೆಸರನ್ನು ಹೇಳಿದಳು. ಅಲೆಯ ಸದ್ದಿಗೆ ನನಗೆ ಕೇಳಿಸಲಿಲ್ಲ. ನನ್ನ ಕಿವಿಗೆ ಬಾಯಿಟ್ಟು ಇನ್ನೊಮ್ಮೆ ಹೇಳಿದಳು.

ಸ್ವಲ್ಪ ಹೊತ್ತಾದ ಮೇಲೆ ನಾನು ಚೀಲದಿಂದ ನನ್ನ ಪಾಲಿನ ಉಂಡೆ ತೆಗೆದು ಅಂಗೈ ಮೇಲೆ ಇಟ್ಟುಕೊಂಡೆ.

"ಯಾರಿಗವ್ವ? ಅಪ್ಪಂಗಾ?"

"ಅಲ್ಲ. ನಿನಗಿಂತ ಮುಂಚೆ ಒಂದಿತ್ತು."

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಉಸಿರಿಲ್ಲದೆ ಹುಟ್ಟಿದ ಅದನ್ನು ನನ್ನ ಅತ್ತೆ ಹೂಳಿಸಲು ಹಿತ್ತಿಲಾಚೆ ಬೇಲಿಯ ಬುಡಕ್ಕೆ ಕಳಿಸಿಕೊಟ್ಟರು, ನನಗೆ ತೋರಿಸಲಿಲ್ಲ. ಗಂಡೋ ಹೆಣ್ಣೋ ತಿಳಿಯಲಿಲ್ಲ. ನನಗೂ ಆಗ ಏನೂ ಇಲ್ಲ ಅಂದಿದ್ದರು.

ಹದ್ದುಗಳು ಮೇಲೆ ಸುತ್ತುತ್ತಿದ್ದವು. ಒಂದೂ ಇಳಿಯಲಿಲ್ಲ. ನಿಮ್ಮಮ್ಮ ನನ್ನ ಕೈ ಕೆಳಗೆ ತನ್ನ ಕೈ ಇಟ್ಟು ಹಿಡಿದಳು, ನನಗೆ ನೋವಾಗದಿರಲಿ ಎಂದು. ಬಹಳ ಹೊತ್ತು ಕಾದೆವು. ಬಿಸಿಲು ಗುಡ್ಡದ ಹಿಂದಕ್ಕೆ ಸರಿಯಿತು. ಕಡೆಗೆ ಅವಳೇ ಆ ಉಂಡೆಯನ್ನು ಎರಡು ಮಾಡಿ ಅರ್ಧ ನನ್ನ ಬಾಯಿಗಿಟ್ಟಳು, ಅರ್ಧ ತಾನು ತಿಂದಳು. ತಿನ್ನಬಾರದೆಂದು ಬೆಳೆದವಳು ನಾನು. ಅವತ್ತು ತಿಂದೆ. ಉಪ್ಪು, ಹುಳಿ, ತಣ್ಣಗಿನ ಅನ್ನ.

ಮೆಟ್ಟಿಲು ಹತ್ತುವಾಗ ಅವಳು ಆ ಬೋರ್ಡು ಓದಿದಳು. ಇಲ್ಲಿ ಹದ್ದುಗಳು ತಿಂಡಿ ಕದಿಯುತ್ತವೆ, ಎಚ್ಚರಿಕೆ ಎಂದು ಬರೆದಿತ್ತಂತೆ. ಓದಿ ನನಗೆ ಹೇಳಿದಳು. ಒಂದೆರಡು ಹೆಜ್ಜೆ ನಡೆದು, "ಬೋರ್ಡು ಬರ್ದೋರ್ಗೇನು ಗೊತ್ತು," ಅಂದಳು.

ಅವತ್ತು ಊಟದ ಹೊತ್ತಿಗೆ ಮಿಚಿಕೊ ಆ ದಂಡೆಯ ಹಳೆಯ ಕಥೆ ಹೇಳಿದಳು. ಹೆಂಡತಿಯ ಹೆರಿಗೆಗೆಂದು ದಾರಿ ಕಟ್ಟಿಸಿದ ಅದೇ ದೊರೆ, ತನಗಾಗದ ತಮ್ಮನ ಕೂಸನ್ನು ಹುಟ್ಟಿದ ದಿನವೇ ತಾಯಿಯ ಕೈಯಿಂದ ಕಸಿದು ಆ ಮರಳಿನಲ್ಲಿ ಕೊಲ್ಲಿಸಿದನಂತೆ. ಆ ತಾಯಿ ಏನಾದಳೋ ಯಾರಿಗೂ ಸರಿಯಾಗಿ ತಿಳಿಯದಂತೆ. ನಿಮ್ಮಮ್ಮ ಇದನ್ನೂ ನನಗೆ ಕನ್ನಡದಲ್ಲಿ ಹೇಳಿದಳು. ಈ ಸಲ ಅವಳ ದನಿ ನಡುಗುತ್ತಿತ್ತು.

ಮತ್ತೆ ಹೇವರ್ಡ್

ಹೊರಡುವ ದಿನ ಹಾಸೆಯ ಗುಡಿಗೆ ಇನ್ನೊಮ್ಮೆ ಹೋದೆವು. ಅವಳು ಆ ಮೂರ್ತಿಗಳ ನಡುವೆ ನಿಂತಳು. ಏನೂ ಇಡಲಿಲ್ಲ, ಕಟ್ಟಲಿಲ್ಲ. ನಿಂತು ಬಂದಳು. ಮಿಚಿಕೊ ಮನೆಯ ಬಾಗಿಲಲ್ಲಿ ನಾನು ಬಿಟ್ಟಿದ್ದ ಉಪ್ಪಿನ ರಂಗೋಲಿಯ ಕಲೆ ಕಲ್ಲಿನ ಮೇಲೆ ಇನ್ನೂ ಬೆಳ್ಳಗೆ ಉಳಿದಿತ್ತು. ಆಕೆ ಅಷ್ಟು ಜಾಗ ಬಿಟ್ಟು ಗುಡಿಸುತ್ತಿದ್ದಳು.

ಬರುವಾಗ ಕಳೆದ ದಿನ ವಾಪಸ್ ಸಿಕ್ಕಿತು. ನಿಮ್ಮಮ್ಮ ಗುಣವಾದಳು ಎಂದು ನಾನು ಬರೆಯಲಾರೆ. ಮೊನ್ನೆ ಸಾರಿಗೆ ಒಗ್ಗರಣೆ ಹಾಕುತ್ತ ಸೌಟು ಹಿಡಿದೇ ಅತ್ತಳು, ನೀವು ನೋಡಿದಿರಿ. ಹೆದರಬೇಡಿ. ಅಳದೆ ಇದ್ದಾಗ ಹೆದರಬೇಕಿತ್ತು. ಮುಚ್ಚಿದ ರೂಮಿನ ಬಾಗಿಲು ಈಗ ತೆರೆದಿದೆ. ತೊಟ್ಟಿಲು ಇನ್ನೂ ಅಲ್ಲೇ ಇದೆ.

ಬರುವ ವಾರ ನಾನು ಊರಿಗೆ ಹೊರಡುತ್ತೇನೆ. ಈ ಮಂಡಿ ಇಟ್ಟುಕೊಂಡು ಇನ್ನೊಮ್ಮೆ ಬರುತ್ತೇನೋ ಇಲ್ಲವೋ ಹೇಳಲಾಗದು.

ಸಿರಿ, ಮಗು ಎಲ್ಲಿಗೆ ಹೋಯಿತು ಅಂದೆಯಲ್ಲ. ನನಗೆ ಈಗಲೂ ಗೊತ್ತಿಲ್ಲ. ಅವಳನ್ನು ನಾವು ಏನೂ ಕೊಡದೆ ಕಳಿಸಲಿಲ್ಲ ಎನ್ನುವುದಷ್ಟೇ ಗೊತ್ತು. ನಿಮ್ಮ ತಂಗಿಗೆ ಹೆಸರಿದೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮಲ್ಲಿ ಹೆಸರನ್ನು ಮೊದಲು ಕಿವಿಯಲ್ಲಿ ಹೇಳಬೇಕು. ನೀವು ಕೇಳಿದರೆ ನಿಮ್ಮಮ್ಮ ಹೇಳುತ್ತಾಳೆ. ಅವಳು ಮಡಿಲು ಖಾಲಿಯಿದ್ದು ಸುಮ್ಮನೆ ಕೂತ ಹೊತ್ತು ನೋಡಿ ಹತ್ತಿರ ಹೋಗಿ, ಕಿವಿ ಕೊಡಿ.

ತಂದ ಸೀರೆಗಳ ಗಂಟನ್ನು ನಿನ್ನೆ ಬಿಚ್ಚಿದೆ. ಎಲ್ಲಕ್ಕಿಂತ ಮೆತ್ತಗಿದ್ದ ನೀಲಿ ಸೀರೆಯನ್ನು ಮಗುವಿಗೆ ಹರಿಯುವಷ್ಟೇ ಅಳತೆಗೆ ಹರಿದೆ. ಈ ಹಾಳೆಗಳನ್ನು ಅದರಲ್ಲಿ ಸುತ್ತಿ, ಎಮಿಕೊ ಅಜ್ಜಿ ಹಣ್ಣು ಕಟ್ಟಿ ತಂದ ಹಾಗೆ ಗಂಟು ಹಾಕಿ, ತೊಟ್ಟಿಲಲ್ಲಿ ಇಡುತ್ತೇನೆ. ತೊಟ್ಟಿಲು ಒಂದು ದಿನ ಯಾರಿಗಾದರೂ ಕೊಡುತ್ತೀರಿ. ಕೊಡಲೇಬೇಕು. ಅವತ್ತು ಈ ಗಂಟನ್ನು ಎತ್ತಿಟ್ಟುಕೊಳ್ಳಿ. ನೆನೆಯದ ಹಾಗೆ, ಇಲಿ ಹುಳ ಮುಟ್ಟದ ಹಾಗೆ ನೋಡಿಕೊಳ್ಳಿ. ನಿಮ್ಮ ತಂಗಿಯ ಮೈಗೆ ತಾಗಬೇಕಿದ್ದ ಬಟ್ಟೆ ಅದು.